ಮೇಷ್ಟ್ರ ಅಕ್ಷರ

ಸೆಕ್ಯೂರಿಟಿ ಕಂಪನಿಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಮಾಡಿದವರೇನಲ್ಲ; ಗೇಟಿನ ರಿಜಿಸ್ಟರಿನಲ್ಲಿ ಅವರ ಅಕ್ಷರ ಮುತ್ತು ಪೋಣಿಸಿದಂತಿರುತ್ತಿತ್ತು, ಅಷ್ಟೆ. ಉಳಿದ ಕಾವಲುಗಾರರದು ಕಾಗೆ ಕಾಲು, ಗುಬ್ಬಿ ಕಾಲು. ಹಾಗಾಗಿ ಮೇಷ್ಟ್ರಿಗೆ ಸ್ವಲ್ಪ ಜಂಬವೂ ಇತ್ತು.

ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಗೆ ಬಂದಿದ್ದ ಹೆಂಗಸಿಗೆ ಗಂಡನಿಂದಲೇ ಜೀವಭಯ. ಅವಳ ಕಾವಲಿಗೆಂದೇ ಕಂಪನಿ ಇವರನ್ನು ಆ ಗೇಟಿಗೆ ಹಾಕಿತ್ತು. ಗಂಡನ ಫೋಟೋ ದಿನಕ್ಕೆ ಹತ್ತು ಸಲ ನೋಡಿ ಆ ಮುಖವನ್ನು ಬಾಯಿಪಾಠ ಮಾಡಿಕೊಂಡಿದ್ದರು. ಅವಳು ಎಲ್ಲಿಗೆ ಹೋದಳು, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಬರೆದಿಡುವುದು ಕಂಪನಿಯ ನಿಯಮ. ಅದನ್ನೂ ತಪ್ಪದೆ ಬರೆಯುತ್ತಿದ್ದರು.

"ಅಣ್ಣಾ, ನೀವಿದೀರಿ ಅಂತ ಈಗ ನಿದ್ದೆ ಬರ್ತಿದೆ," ಎಂದಿದ್ದಳು ಒಮ್ಮೆ. ಆ ಮಾತನ್ನು ಮೇಷ್ಟ್ರು ಮನೆಗೆ ಹೋಗಿ ಹೆಂಡತಿಗೆ ಎರಡೆರಡು ಸಲ ಹೇಳಿದ್ದರು.

ಸೋಮವಾರ ಮಧ್ಯಾಹ್ನ ನೇರಳೆ ಚೀಲ ಹಿಡಿದ ಮುದುಕಿಯೊಬ್ಬಳು ಬಾಡಿಗೆ ಮನೆ ಕೇಳಿಕೊಂಡು ಬಂದಳು. ಬಿಸಿಲಿಗೆ ಬಾಡಿದ್ದಳು. ಮೇಷ್ಟ್ರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಸಹಿಗೆಂದು ರಿಜಿಸ್ಟರ್ ಕೊಟ್ಟರು. ಅವಳು ಕನ್ನಡಕ ಏರಿಸಿದಳು.

"ಎಷ್ಟು ಚೆಂದ ಬರೀತೀಯಪ್ಪ! ನನ್ನ ಕಣ್ಣಿಗೂ ಕಾಣ್ಸುತ್ತೆ."

ಹೊಗಳಿಕೆಗೆ ಸೋಲದ ಗಂಡಸು ಎಲ್ಲಿದ್ದಾನೆ! ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಹಿಂದಿನ ಪುಟಗಳನ್ನೂ ತಾವೇ ತಿರುವಿ ತೋರಿಸಿದರು.

ಬುಧವಾರ ನಾಲ್ಕು ಗಂಟೆಗೆ ಮೂರನೇ ಮಹಡಿಯವಳ ಹೊಲಿಗೆ ಕ್ಲಾಸಿನ ಬಾಗಿಲಲ್ಲಿ ಗಂಡ ಕಾದು ನಿಂತಿದ್ದ.

ಆಸ್ಪತ್ರೆಯಲ್ಲಿ ಅವಳ ಎಡಗಣ್ಣಿಗೆ ಪಟ್ಟಿ ಕಟ್ಟಿದ್ದರು. ಆ ಕಣ್ಣು ಇನ್ನು ಕಾಣದು ಎಂದು ನರ್ಸು ಹೊರಗೇ ಹೇಳಿದ್ದಳು. ಅಲ್ಲೇ ಬೆಂಚಿನ ಮೇಲೆ ಅವಳ ಅಕ್ಕ ಫ್ಲಾಸ್ಕ್ ತಬ್ಬಿಕೊಂಡು ಅಳುತ್ತ ಕೂತಿದ್ದಳು.

"ಬನ್ನಿ ಅಣ್ಣಾ," ಎಂದಳು ಒಳಗೆ ಮಲಗಿದ್ದವಳು. "ಕ್ಲಾಸಿನ ಹತ್ರ ನಮ್ಮತ್ತೇನೂ ಬಂದಿದ್ಲು, ನೇರಳೆ ಚೀಲ ಹಿಡ್ಕೊಂಡು ನೋಡ್ತಾ ನಿಂತಿದ್ಲು. ಕ್ಲಾಸಿನ ವಿಷ್ಯ ನಿಮಗೂ ನಮ್ಮಕ್ಕನಿಗೂ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ನೀವಂತೂ ಬಾಯಿ ಬಿಡೋರಲ್ಲ. ಅಕ್ಕನೇ ಹೇಳಿರೋದು. ಒಳಗೆ ಬರ್ಬೇಡ ಅಂದ್ಬಿಟ್ಟೆ."

ಮೇಷ್ಟ್ರಿಗೆ ಸೋಮವಾರದ ಮುದುಕಿ ನೆನಪಾದಳು. ಅತ್ತೆಯ ಫೋಟೋವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ, ನಿಜ. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಅಣ್ಣಾ ಎನ್ನುವ ಈ ಕರೆಯೂ ಉಳಿಯುತ್ತಿತ್ತು.

"ಅಕ್ಕ ಅಲ್ಲಮ್ಮಾ. ಆ ಮುದುಕಿಗೆ ನಾನೇ ರಿಜಿಸ್ಟರ್ ತೋರಿಸ್ದೆ. ಅಕ್ಷರ ಚೆನ್ನಾಗಿದೆ ಅಂದ್ಲು... ಪುಟ ತಿರುವಿ ತೋರಿಸ್ದೆ."

ಅವಳು ಉಳಿದ ಒಂದೇ ಕಣ್ಣಿನಲ್ಲಿ ಅವರನ್ನು ನೋಡಿದಳು. ಬೈದಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

"ಹೊರಗೆ ಅಕ್ಕ ಇದ್ರೆ ಒಳಗೆ ಕಳ್ಸಿ," ಎಂದಳು. ಅಣ್ಣಾ ಎನ್ನಲಿಲ್ಲ.