ದಿನಕ್ಕೆರಡು ಅಂಗಿ

ಚಳಿ ಇಳಿಯುತ್ತಿದ್ದ ಕಾಲ, ಬೆಳಗಿನ ಒಂಬತ್ತು ಗಂಟೆ. ನಾನು ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದೆ. ಪಕ್ಕದ ಕೋಣೆಯ ಹೊಲಿಗೆ ಯಂತ್ರ ತಟ್ಟನೆ ನಿಂತಿತು. ಇಪ್ಪತ್ತು ವರ್ಷ ಆ ಸದ್ದು ಕೇಳಿದವನು ನಾನು. ಆ ಹೊತ್ತಿಗೆ ಅದು ನಿಂತದ್ದೇ ಇಲ್ಲ.

ಹೋಗಿ ನೋಡಿದರೆ ಟೈಲರಮ್ಮ ಕತ್ತರಿ ಹಿಡಿದು ಬೆವರುತ್ತಾ ಕೂತಿದ್ದಳು. ಬೇಗ ಮುಗಿಯಲಿ ಎಂದು, ಅಂಗಡಿಯವನು ಕೊಟ್ಟಿದ್ದ ಶಾಲೆಯ ಎಂಟು ಅಂಗಿಗಳ ಬಟ್ಟೆಯನ್ನು ಒಂದರ ಮೇಲೊಂದು ಪೇರಿಸಿ ಒಟ್ಟಿಗೆ ಕತ್ತರಿಸಿದ್ದಳು. ಅಡಿಯ ನಾಲ್ಕು ಜಾರಿ ಹೋಗಿದ್ದವು. ತೋಳು ಕೂರಬೇಕಾದ ಕಡೆ ಬಟ್ಟೆಯೇ ಇರಲಿಲ್ಲ.

"ಅಜ್ಜಾ, ನನ್ನ ಕೈ ನನ್ನ ಮಾತೇ ಕೇಳ್ತಿಲ್ಲ" ಎಂದಳು.

ಕಾರಣ ಗೋಡೆಯ ಮೇಲಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ 'ಹನ್ನೆರಡು ಸಾವಿರ' ಎಂದು ಬರೆದುಕೊಂಡಿದ್ದಳು. ಮಗಳಿಗೆ ನರ್ಸ್ ತರಬೇತಿಯಲ್ಲಿ ಸೀಟು ಸಿಕ್ಕಿತ್ತು. ಐದು ತಿಂಗಳಲ್ಲಿ ಅಷ್ಟು ಶುಲ್ಕ ಕಟ್ಟದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಅಂದಿನಿಂದ ಇವಳಿಗೆ ಊಟ ಇಳಿಯುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಹೇಳಿದಳು: "ಅಮ್ಮಾ, ನಾನು ಹೋಗಲ್ಲ ಬಿಡು. ನಿನ್ನ ಕೈ ನೋಡಿದ್ರೆ ಭಯ ಆಗುತ್ತೆ."

ಆ ಮಾತು ಕೇಳಿ ನನಗೆ ಇನ್ನೂ ಭಯವಾಯಿತು. ಗುಂಡಿ ಅಂಗಡಿ ನಡೆಸುವ ಅಕ್ಕನನ್ನು ಕರೆತಂದೆ. ನಮ್ಮ ಬೀದಿಯ ಹೆಂಗಸರ ಉಳಿತಾಯ ಸಂಘ ನೋಡಿಕೊಳ್ಳುವವಳು ಅವಳೇ.

"ಏನೇ ತಂಗಿ, ಗೋಡೆ ಮೇಲೆ ದೆವ್ವ ಬರ್ಕೊಂಡು ಅದರ ಮುಂದೆನೇ ಕೂತಿದ್ದೀಯಲ್ಲ!"

"ತಮಾಷೆ ಬೇಡಕ್ಕ. ಅಷ್ಟು ದುಡ್ಡು ಎಲ್ಲಿಂದ ತರ್ಲಿ?"

"ಒಂದು ಅಂಗಿ ಒಂದೇ ಸಲಕ್ಕೆ ಹೊಲಿತೀಯಾ?"

"ಅದ್ಹೇಗಾಗುತ್ತೆ? ಮೊದಲು ಹೆಗಲು ಕೂಡಿಸ್ಬೇಕು. ಆಮೇಲೆ ಕಾಲರು, ತೋಳು, ಪಕ್ಕ..."

"ಇದನ್ನೂ ಹಾಗೇ ಮಾಡು. ಇಪ್ಪತ್ತು ವಾರ ಇದೆ. ವಾರಕ್ಕೆ ಆರುನೂರಾಯ್ತು. ದಾರ, ಗುಂಡಿ ಎಲ್ಲಾ ಕಳೆದು ಒಂದು ಅಂಗಿಗೆ ಎಷ್ಟು ಉಳಿಯುತ್ತೆ?"

"ಐವತ್ತು."

"ಅಂದ್ರೆ ವಾರಕ್ಕೆ ಹನ್ನೆರಡು ಅಂಗಿ. ಭಾನುವಾರ ಬಿಟ್ರೆ ದಿನಕ್ಕೆರಡು. ಮನೆ ಖರ್ಚಿಗೆ ಹೊಲಿಯೋದು ಹಾಗೇ ಇರ್ಲಿ. ಹೆಚ್ಚಿಗೆ ಎರಡೇ ಎರಡು."

"ಹೇಳೋದಕ್ಕೇನಕ್ಕ! ಗಿರಾಕಿಗಳನ್ನ ನಿನ್ನ ಗುಂಡಿ ಡಬ್ಬಿಯಿಂದ ತೆಗೆದುಕೊಡ್ತೀಯಾ?"

ನಾನು ಬಾಯಿ ಹಾಕಿದೆ. "ಇಸ್ತ್ರಿಗೆ ಬರೋ ಬಟ್ಟೇಲಿ ಕಾಲರು ಸವೆದ ಅಂಗಿ ದಿನಾ ನೋಡ್ತೀನಮ್ಮ. ಅವರಿಗೆಲ್ಲ ನಿನ್ನ ಬಾಗಿಲು ತೋರಿಸ್ತೀನಿ. ನೀನೂ ದಿನಕ್ಕೆ ಇಬ್ಬರನ್ನ ಕೇಳು."

ಮಗಳು ಗೋಡೆ ಒರೆಸಿದಳು. ಅದೇ ಜಾಗದಲ್ಲಿ 'ಎರಡು' ಎಂದು ಬರೆದಳು. ಕೆಟ್ಟ ನಾಲ್ಕು ಬಟ್ಟೆಗಳಲ್ಲಿ ಚಿಕ್ಕ ಮಕ್ಕಳ ಅಳತೆಯ ಅಂಗಿಗಳಾದವು. ಬಟ್ಟೆ ಕೊಟ್ಟ ಅಂಗಡಿಯವನು ಗೊಣಗಿದ, ಆದರೂ ತೆಗೆದುಕೊಂಡ.

ಹೆಚ್ಚಿನ ಒಂದೊಂದು ಅಂಗಿ ಮುಗಿದಾಗಲೂ ಮಗಳು ಅದರ ಬಟ್ಟೆಯ ಚೂರನ್ನು ದಾರಕ್ಕೆ ಪೋಣಿಸುವಳು. ಹನ್ನೆರಡಾದರೆ ಒಂದು ಸರ. ಶನಿವಾರ ದುಡ್ಡು ಸಂಘಕ್ಕೆ, ಸರ ಮೊಳೆಗೆ.

ಮೊದಲ ವಾರ ಪೋಣಿಸಿದ್ದು ಒಂಬತ್ತೇ ಚೂರು. ಟೈಲರಮ್ಮ ಬಿಳಿಚಿಕೊಂಡಳು. "ಮುಗೀತಕ್ಕ, ಎಲ್ಲಾ ಮುಗೀತು."

"ಮೂರು ಕಡಿಮೆ ಬಿದ್ರೆ ಮೂರೇ ಕಡಿಮೆ ಕಣೇ. ಹನ್ನೆರಡು ಸಾವಿರ ಕಡಿಮೆ ಬಿದ್ದಿಲ್ಲ. ಬರೋ ಮೂರು ವಾರ ಒಂದೊಂದು ಜಾಸ್ತಿ ಹೊಲಿ."

ಒಂಬತ್ತನೇ ವಾರ ಅವಳಿಗೆ ಜ್ವರ ಬಂತು. ನಾಲ್ಕು ದಿನ ಯಂತ್ರ ಸದ್ದು ಮಾಡಲಿಲ್ಲ. ಕೆಂಡ ಆರಿದ್ದೂ ತಿಳಿಯದೆ ನಾನು ಆ ಗೋಡೆಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ. ಐದನೇ ದಿನ ಎದ್ದವಳು ಕೂಡಲೇ ಕತ್ತರಿಯ ಕಡೆ ಹೋಗಲಿಲ್ಲ. ಕೂತು ಬೆರಳು ಮಡಚಿದಳು. "ಎಂಟು ಅಂಗಿ ತಪ್ಪಿದೆ ಅಜ್ಜಾ. ಎಂಟು ವಾರಕ್ಕೆ ಹಂಚ್ತೀನಿ" ಎಂದಳು. ದನಿ ನಡುಗುತ್ತಿತ್ತು. ಆದರೆ ಆ ದಿನ ಬಟ್ಟೆ ಪೇರಿಸಲಿಲ್ಲ, ಒಂದೊಂದೇ ಕತ್ತರಿಸಿದಳು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮನ್ನೂ ಇಂಥದೊಂದು ದೊಡ್ಡ ಮೊತ್ತ ಹೆದರಿಸುತ್ತಿರಬಹುದು. ಅದನ್ನು ವಾರಕ್ಕೆ ಭಾಗ ಮಾಡಿ, ದಿನಕ್ಕೆ ಭಾಗ ಮಾಡಿ. ಆಮೇಲೆ ನಿಮ್ಮ ಕೆಲಸದ ಲೆಕ್ಕಕ್ಕೆ ತನ್ನಿ. ದಿನಕ್ಕೆ ಎಷ್ಟು ಬುಟ್ಟಿ, ಎಷ್ಟು ಲೀಟರ್ ಹಾಲು, ಎಷ್ಟು ಅಂಗಿ ಎಂದು ಕೇಳಿಕೊಳ್ಳಿ. ಅಷ್ಟನ್ನು ಮಾತ್ರ ನೋಡಿ. ತಪ್ಪಿದ್ದನ್ನು ಒಂದೇ ದಿನದಲ್ಲಿ ತುಂಬಿಸಲು ಹೋಗಬೇಡಿ, ಮುಂದಿನ ವಾರಗಳಿಗೆ ಹಂಚಿ. ಹೆದರಿಕೆಯಾದರೆ ಬಾಯಿಬಿಟ್ಟು ಒಬ್ಬರಿಗೆ ಹೇಳಿ. ಹೆದರಿಕೆ ಪೂರ್ತಿ ಹೋಗುತ್ತದೆ ಎಂದು ನಾನು ಹೇಳಲಾರೆ. ಅದು ಇದ್ದರೂ ಎರಡು ಅಂಗಿ ಹೊಲಿಯಬಹುದು.

ಇಪ್ಪತ್ತನೇ ಸರ ಶನಿವಾರ ಸಂಜೆ ತುಂಬಿತು. ಕೊನೆಯ ಚೂರು ನನ್ನ ಅಂಗಿಯದು. ಸೋಮವಾರ ಸಂಘದಿಂದ ದುಡ್ಡು ತೆಗೆದು ಶುಲ್ಕ ಕಟ್ಟಿ ಬಂದ ಮೇಲೆ, ಮಂಗಳವಾರ ಬೆಳಗಿನ ಮೊದಲ ಬಸ್ಸಿಗೆ ಮಗಳು ತರಬೇತಿಗೆ ಹೊರಟಳು.