ಖಳನಾಯಕನ ಬಾಯಿಗೆ ಹೋದ ಮಾತು

೨೦೨೪ನೇ ಇಸವಿ ನವೆಂಬರ್ ಹದಿನೇಳು, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಭಟ್ಕಳ ತಾಲೂಕಿನ ಅಳ್ವೆಕೋಡಿ ಬಂದರಿನಲ್ಲಿ ಸುಹಾಸ ತನ್ನ ತಮ್ಮನ ಬೋಟು ಹೊರಡುವುದನ್ನು ನೋಡುತ್ತ ನಿಂತಿದ್ದ. ತಮ್ಮ ವಿನಾಯಕ ಹಗ್ಗ ಬಿಚ್ಚಿ ಒಳಗೆ ಹಾರಿದ. ಅಷ್ಟರಲ್ಲಿ ಪಕ್ಕದ ಬೋಟಿನವನೊಬ್ಬ ದಡದ ಕಡೆ ತಿರುಗಿ, ಹೆಬ್ಬೆರಳನ್ನು ಕುತ್ತಿಗೆಯ ಮೇಲೆ ಈ ಕಿವಿಯಿಂದ ಆ ಕಿವಿಯವರೆಗೆ ಎಳೆದು, ಗಂಟಲು ಗೊಗ್ಗರು ಮಾಡಿಕೊಂಡು ಕೂಗಿದ:

"ಆತು, ಹೋಗಿ ಬಾ!"

ಎರಡೂ ಬೋಟಿನವರು ಬಿದ್ದು ಬಿದ್ದು ನಕ್ಕರು.

ಸುಹಾಸನಿಗೆ ಮೊದಲು ಆದದ್ದು ಖುಷಿ. ಆ ಖುಷಿಯನ್ನು ಆಮೇಲೆ ನೆನೆದಾಗಲೆಲ್ಲ ಅವನಿಗೆ ಮುಖ ಎಲ್ಲಿಟ್ಟುಕೊಳ್ಳುವುದೆಂದು ತೋಚುತ್ತಿರಲಿಲ್ಲ. ಆದರೂ ಆದದ್ದು ಖುಷಿಯೇ. ಆ ಮಾತು ಅವನ ಕಂಪನಿಯ ಸಿನಿಮಾದ್ದು. ಕುಮಟಾ ಬಸ್‌ಸ್ಟ್ಯಾಂಡಿನ ರಿಕ್ಷಾಗಳ ಬೆನ್ನಿಗೆ ಅದರ ಸ್ಟಿಕ್ಕರ್ ಅಂಟಿದೆ. ಈಗ ಹುಟ್ಟಿದೂರಿನ ಕಡಲಿನವರೆಗೂ ಬಂದಿತ್ತು.

ಕಂಪನಿಯ ಹೆಸರು ಕೆಮ್ಮಣ್ಣು ಪಿಕ್ಚರ್ಸ್. ಕಟ್ಟಿದವನು ನಟ ದಿನಕರ, ಮೈಸೂರಿನ ಗರಡಿಮನೆಯಲ್ಲಿ ಬೆಳೆದ ಆಳು. ವರ್ಷಾನುಗಟ್ಟಲೆ ನಾಯಕನ ಗೆಳೆಯನ ಪಾತ್ರ ಮಾಡಿ, ಪ್ರತಿ ಸಿನಿಮಾದಲ್ಲೂ ಇಂಟರ್ವಲ್ಲಿಗೆ ಮುಂಚೆ ಸತ್ತು ಸತ್ತು ಬೇಸತ್ತು, ಯಾರೂ ಕೊಡದ ಪಾತ್ರವನ್ನು ತನಗೆ ತಾನೇ ಕೊಟ್ಟುಕೊಳ್ಳುತ್ತೇನೆಂದು ಹೊರಟವನು. ಹಿಟ್ಟಿನ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಆಫೀಸು ತೆರೆದ. ಗರಡಿಯ ಗೆಳೆಯರೇ ಫೈಟರುಗಳು. ಕುಮಟಾದ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಕೇಬಲ್ಲು ಸುತ್ತುತ್ತಿದ್ದ ಸುಹಾಸ ಸೌಂಡಿಗೆ ಸೇರಿದ. ಮೊದಲ ಚಿತ್ರಕ್ಕೆ ಹೊಡೆತದ ಸದ್ದು ಬೇಕೆಂದಾಗ ಅವನು ಒದ್ದೆ ಗೋಣಿಯ ಮೇಲೆ ಹಲಸಿನಕಾಯಿ ಎತ್ತಿ ಹಾಕಿ, ಬೇರೆ ಬೇರೆ ಎತ್ತರದಿಂದ ರೆಕಾರ್ಡ್ ಮಾಡಿ, ಕೆಳಗಿನ ಕಂಪನಾಂಕಗಳನ್ನು ಹಿಗ್ಗಿಸಿ ಕೊಟ್ಟ. ಜನ ಹೊರಗೆ ಬಂದು, ದಿನಕರನ ಏಟಿಗೆ ತೂಕ ಇದೆ ಎಂದರು. ಎರಡನೆಯ ಚಿತ್ರಕ್ಕೆ ಹಗ್ಗದ ಫೈಟು ಬಂತು, ಮೂರನೆಯದಕ್ಕೆ ಕಾರುಗಳು ಹಾರಿದವು. ನಾಲ್ಕನೆಯದು ‘ಕರಿ ಲಂಗರು’. ಅದು ಐದು ಭಾಷೆಗಳಲ್ಲಿ ಓಡಿದ ಮೇಲೆ ಗಿರಣಿಯ ಶೆಡ್ಡು ಹೋಗಿ ಮೂರಂತಸ್ತಿನ ಕಟ್ಟಡವಾಯಿತು, ಫೈಟರುಗಳ ತಾಲೀಮಿಗೇ ಒಂದು ಅಂತಸ್ತು.

ಓಡಿಸಿದ್ದು ಖಳನ ಆ ಒಂದು ಮಾತು ಎಂದು ಎಲ್ಲರೂ ಹೇಳುತ್ತಾರೆ. ಖಳ ಬಂದರಿನ ಕಳ್ಳಸಾಗಣೆಗಾರ. ಡಬ್ಬಿಂಗಿನಲ್ಲಿ ಎಷ್ಟು ಅರಚಿಸಿದರೂ ಅವನು ಯಾರಿಗೂ ಭಯ ಹುಟ್ಟಿಸಲಿಲ್ಲ. "ನಿಮ್ಮೂರಿಂದು ಏನಾದ್ರೂ ಕೊಡೋ ಸುಹಾಸ" ಎಂದ ದಿನಕರ. ಸುಹಾಸನ ಲ್ಯಾಪ್‌ಟಾಪಿನಲ್ಲಿ ಒಂದು ತುಣುಕಿತ್ತು. ಅಲೆಯ ಸದ್ದಿಗೆಂದು ಅಳ್ವೆಕೋಡಿಗೆ ಹೋಗಿದ್ದಾಗ, ಬೋಟಿಗೆ ಹೊರಟವರನ್ನು ಕಳಿಸುತ್ತಿದ್ದ ಅಮ್ಮನ ದನಿ ಮೈಕಿಗೆ ಬಿದ್ದಿತ್ತು: ಆತು, ಹೋಗಿ ಬಾ. ಕಡಲಿಗೆ ಹೊರಟವನಿಗೆ ಆ ಕಡೆ ಯಾರೂ ‘ಹೋಗು’ ಎನ್ನುವುದಿಲ್ಲ. ‘ಬಾ’ ಎನ್ನುವಲ್ಲಿ ಅಮ್ಮನ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಮಗುವನ್ನು ಮಲಗಿಸಿ ಕೈ ತೆಗೆದ ಹಾಗೆ. ಅದನ್ನೇ ಖಳ, ಕೈಕಾಲು ಕಟ್ಟಿದ ಮನುಷ್ಯನನ್ನು ನೀರಿಗೆ ನೂಕುವ ಮುನ್ನ ಅಷ್ಟೇ ಮೆತ್ತಗೆ ಹೇಳಿದರೆ? ಸ್ಟುಡಿಯೋದಲ್ಲಿ ಎಲ್ಲರ ರೋಮ ಎದ್ದು ನಿಂತಿತು. ಖಳನ ಪಾತ್ರಧಾರಿ ಆ ತುಣುಕನ್ನು ಇಡೀ ಮಧ್ಯಾಹ್ನ ಕೇಳಿ ಕೇಳಿ ಕಲಿತ; ಕುತ್ತಿಗೆಯ ಮೇಲೆ ಹೆಬ್ಬೆರಳು ಎಳೆಯುವುದು ಅವನದೇ ಸೇರ್ಪಡೆ.

ಇದು ಯಾರ ದನಿ ಎಂದು ದಿನಕರ ಕೇಳಿದಾಗ, "ನಮ್ಮೂರ ಒಬ್ಬರದು" ಎಂದಿದ್ದ ಸುಹಾಸ.

ಬೋಟುಗಳು ದೂರ ಹೋದವು. ದಡದ ಹೆಂಗಸರು ಬುಟ್ಟಿ ಎತ್ತಿಕೊಂಡು ತಿರುಗಿದರು. ಅಮ್ಮ ದುರ್ಗಮ್ಮ ಬುತ್ತಿ ಕೊಟ್ಟು ಬಂದ ಖಾಲಿ ಕೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಆಗ ಅವನಿಗೆ ಹೊಳೆಯಿತು: ವಿನಾಯಕನಿಗೆ ಅವಳು ಏನೂ ಹೇಳಿರಲಿಲ್ಲ. ಯಾವ ಹೆಂಗಸೂ ಯಾರಿಗೂ ಏನೂ ಹೇಳಿರಲಿಲ್ಲ.

"ಅಮ್ಮ, ವಿನಾಯಕಂಗೆ ಎಂತದೂ ಹೇಳ್ಲಿಲ್ಯಲ್ಲ?"

"ಈಗ ಯಾರೂ ಹೇಳೂದಿಲ್ಲ ಮಗ" ಎಂದಳು ದುರ್ಗಮ್ಮ. "ಹೇಳಿದ್ರೆ ಹುಡುಗ್ರು ಕುತ್ತಿಗೆ ಮೇಲೆ ಕೈ ಎಳ್ದು ತೋರಿಸ್ತರು. ನಗಾಡೂಕೆ ಮಾಡ್ತರು, ಗೊತ್ತಿದೆ. ಆದ್ರೂ ಕಡ್ಲಿಗೆ ಹೊರಟವ ಹಂಗೆ ಮಾಡಿದ್ರೆ ಯಾವ ತಾಯಿಗೆ ತಡೀತದೆ? ಬಾಯಿ ಮುಚ್ಕಂಡು ಬುತ್ತಿ ಕೊಟ್ಟು ಬರೂದು."

ಅವರು ಮನೆ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅವಳೇ ಮತ್ತೆ ಕೇಳಿದಳು: "ಅಲ್ಲ, ನಿಮ್ಮ ಸಿನಿಮಾದವ್ರಿಗೆ ಇದ್ನ ಹೇಳಿಕೊಟ್ಟವ್ರು ಯಾರಾ? ನಮ್ಮ ಬದಿಯವ್ರೇ ಯಾರೋ ಇರ್ಬೇಕು. ನಿಂಗೆ ಗೊತ್ತಿರ್ಬೇಕಲ್ಲ?"

"ಡೈಲಾಗು ಬರೆಯವ್ರೇ ಬೇರೆ ಅಮ್ಮ. ನಂದು ಸೌಂಡು ಮಾತ್ರ."

ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಪ್ರಯೋಗಶಾಲೆಯಲ್ಲಿ ಅಳತೆ ತಪ್ಪಿದಾಗ, ಉಪಕರಣದ ದೋಷ ಎಂದು ಬರೆದು ಪಾರಾಗುವ ಹುಡುಗರಿರುತ್ತಾರೆ. ತಾನು ಆ ಜಾತಿಯವನಲ್ಲ ಎಂದು ಇಷ್ಟು ದಿನ ತಿಳಿದುಕೊಂಡಿದ್ದ.

ಅವತ್ತು ಮಧ್ಯಾಹ್ನವೇ ದಿನಕರ ಊಟಕ್ಕೆ ಬರುವವನಿದ್ದ. ‘ಕರಿ ಲಂಗರು’ ಎರಡನೆಯ ಭಾಗದ ಶೂಟಿಂಗು ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಅಳಿವೆಯಲ್ಲಿ ನಡೆಯುತ್ತಿತ್ತು. ಭಾನುವಾರ ಬಿಡುವು. ನಿಮ್ಮಮ್ಮನ ಕೈಯ ಮೀನು ತಿನ್ನದೆ ಮೈಸೂರಿಗೆ ಹೋಗೋದಿಲ್ಲ ಎಂದು ಹಟ ಹಿಡಿದಿದ್ದ. ಹಿಂದಿನ ದಿನವೇ ಬೀಗಿಕೊಂಡು ಊರಿಗೆಲ್ಲ ಹೇಳಿದ್ದ ಸುಹಾಸ ಈಗ ಫೋನು ಮಾಡಿ ಬೇಡ ಎನ್ನಲು ಏನು ನೆಪ ಹೇಳುವುದೆಂದು ಹುಡುಕತೊಡಗಿದ. ಸಿಗಲಿಲ್ಲ.

ವಿನಾಯಕನ ಹೆಂಡತಿ ರಂಜಿತಾ ಕಾಣೆ ಮೀನು ಹುರಿಯುತ್ತ, "ಎಂತ ಭಾವ, ಹೀರೋ ಬರ್ತರು ಅಂದ್ರೆ ನಿಮ್ಮ ಮುಖ ಹಳ್ಸಿದ ಬಂಗಡೆ ಹಂಗೆ ಆಗೂದಾ?" ಎಂದು ನಕ್ಕಳು.

ದಿನಕರ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಚಪ್ಪಲಿ ಬಿಟ್ಟು, ಚಾವಡಿಯಲ್ಲಿ ಹಾಕಿದ ಕುರ್ಚಿ ಬಿಟ್ಟು ನೆಲಕ್ಕೇ ಕೂತ. ಒಳ್ಳೆಯ ಮನುಷ್ಯ, ಸುಹಾಸನಿಗೆ ಅದೇ ಕಷ್ಟ. ಬಡಿಸಿ ಊಟ ಶುರುವಾಗಿತ್ತು, ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬೇಲಿಯಾಚೆ ನಿಂತು ಮೊಸರಿನ ಪಾತ್ರೆ ಕೊಟ್ಟಳು. ದುರ್ಗಮ್ಮ ಪಾತ್ರೆ ಇಸಿದುಕೊಂಡು, ಅವಳನ್ನು ಕಳಿಸುತ್ತ, ಯೋಚನೆಯೇ ಇಲ್ಲದೆ, ಎಂದಿನ ರೂಢಿಯಲ್ಲಿ ಹೇಳಿದಳು:

"ಆತು, ಹೋಗಿ ಬಾ."

ದಿನಕರನ ಕೈಯ ತುತ್ತು ಅಲ್ಲೇ ನಿಂತಿತು.

"ಸುಹಾಸ!" ಎಂದ. "ಇದೇ ದನಿ ಕಣೋ! ಆ ‘ಬಾ’ ನೋಡು! ಲೋ ಕಳ್ಳ, ನಮ್ಮೂರ ಒಬ್ಬರದು ಅಂದೆಯಲ್ಲೋ. ಹೆತ್ತ ತಾಯೀದು ಅನ್ನಬಾರದಾ?" ದುರ್ಗಮ್ಮನ ಕಡೆ ತಿರುಗಿ ಕೈ ಮುಗಿದ, ಎಂಜಲುಗೈಯಲ್ಲೇ. "ಅಮ್ಮಾ, ನಮ್ಮ ಕಂಪನಿ ಇವತ್ತು ನಿಂತಿರೋದು ನಿಮ್ಮ ದನಿ ಮೇಲೆ. ಇವನು ಕೇಳಿಸಿದ್ದು, ನಮ್ಮ ವಿಲನ್ ಕಲಿತಿದ್ದು."

ದುರ್ಗಮ್ಮ ಮಗನ ಕಡೆ ನೋಡಿದಳು. ಕೋಪವಿದ್ದಿದ್ದರೆ ಸುಹಾಸ ತಡೆದುಕೊಳ್ಳುತ್ತಿದ್ದ. ಅವಳು ನೋಡಿದ್ದು, ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಬಂದ ಉತ್ತರ ಇದೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳುವವಳ ಹಾಗೆ. ಅವನು ತಟ್ಟೆಯೊಳಗಿನ ಮುಳ್ಳುಗಳನ್ನು ಅಂಚಿಗೆ ಸಾಲಾಗಿ ಜೋಡಿಸತೊಡಗಿದ.

"ಊಟ ಮಾಡಿ ಮೊದ್ಲು. ಸಾರು ಆರ್ತದೆ" ಎಂದಳು ದುರ್ಗಮ್ಮ.

ಊಟ ಮುಗಿಯುವಷ್ಟರಲ್ಲಿ ದಿನಕರನ ತಲೆಯಲ್ಲಿ ಪ್ರೋಮೋ ತಯಾರಾಗಿತ್ತು. ಬುಧವಾರ ಬಿಡುಗಡೆ. ಕಡಲು, ಖಾಲಿ ದಡ, ಮುಖದ ಬದಲು ಈ ಅಮ್ಮನ ಬೆನ್ನು, ಆ ಮಾತು, ತಕ್ಷಣ ಒಂದು ಸ್ಫೋಟ. "ಒಂದೇ ಸಲ ಹೇಳಿ ಅಮ್ಮ. ಸುಹಾಸ, ಮೈಕ್ ತಗೋ."

"ಮಗ ಹೇಳು ಅಂದ್ರೆ ಹೇಳ್ತೆ" ಎಂದಳು ದುರ್ಗಮ್ಮ. ದನಿಯಲ್ಲಿ ಕುಹಕವಿರಲಿಲ್ಲ. "ಅವಂಗೆ ಉಪ್ಕಾರ ಆತದೆ ಅಂದ್ರೆ, ಹೇಳೂಕೆ ನಂಗೆ ಎಂತ?"

ರಂಜಿತಾ ಒಲೆಯ ಬುಡದಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಮೂವರೂ ಸುಹಾಸನ ಬಾಯಿ ನೋಡಿದರು. ಬೆಳಿಗ್ಗೆ ಬಂದರಿನಲ್ಲಿ ಬುಟ್ಟಿ ಎತ್ತಿಕೊಂಡು ತಿರುಗಿದ ಹೆಂಗಸರ ಮುಚ್ಚಿದ ಬಾಯಿಗಳು ಅವನ ಕಣ್ಣಿಗೆ ಕಟ್ಟಿದವು. ಇನ್ನೊಂದು ಸಲ ಈ ಮಾತು ಪರದೆಗೆ ಹೋದರೆ ಉಳಿದ ಊರುಗಳಲ್ಲೂ ಹೆಂಗಸರು ಅದನ್ನು ಹೇಳುವುದು ನಿಲ್ಲುತ್ತದೆ. ಹೇಳು ಅಂದರೆ ಅವಳು ಹೇಳುತ್ತಾಳೆ, ಅದೂ ಚೆನ್ನಾಗಿಯೇ ಹೇಳುತ್ತಾಳೆ.

"ಬೇಡ ಸರ್" ಎಂದ. "ಅಮ್ಮನ ಹತ್ರ ಬೇಡ."

ದಿನಕರ ಅವನನ್ನು ಒಂದು ಕ್ಷಣ ನೋಡಿ, ಭುಜ ತಟ್ಟಿದ. "ಆಯ್ತು ಬಿಡು ಗುರು, ಮನೆ ವಿಷಯ. ಹಳೇ ಕ್ಲಿಪ್ ಇದೆಯಲ್ಲ, ಅದನ್ನೇ ಹಾಕಿದ್ರಾಯ್ತು. ನಾಳೆ ಕಳಿಸು."

ತಾನು ಬೇಡ ಎಂದದ್ದರ ಬೆಲೆ ಇಷ್ಟೇ ಎಂದು ಸುಹಾಸನಿಗೆ ಗೊತ್ತಾಯಿತು. ದಿನಕರ ಎಲ್ಲರಿಗೂ ಕೈ ಮುಗಿದು ಕಾರು ಹತ್ತಿದ. ಅವನನ್ನು ಬೀಳ್ಕೊಡುವಾಗ ದುರ್ಗಮ್ಮ ತಲೆಯಾಡಿಸಿದಳು, ಅಷ್ಟೇ.

ಒಳಗೆ ಬಂದು ಅವಳು ಮಗನ ಎದುರು ಕೂತಳು.

"ನಾನೇ ಕೊಟ್ಟಿದ್ದು ಅಮ್ಮ. ಬೆಳಿಗ್ಗೆ ನೀನು ಕೇಳಿದಾಗ್ಲೇ ಹೇಳ್ಬೇಕಿತ್ತು" ಎಂದ ಸುಹಾಸ. "ಆ ಕ್ಲಿಪ್ ನಾನು ಕಳ್ಸೂದಿಲ್ಲ. ಅಳಿಸಿ ಹಾಕ್ತೆ. ಆದ್ರೆ ಸಿನಿಮಾದಲ್ಲಿ ಹೋದದ್ದು ಹೋತು. ಅದ್ನ ವಾಪಸ್ ತರೂಕೆ ಆಗೂದಿಲ್ಲ."

"ಅಳ್ಸು. ಅಳ್ಸೂಕೆ ಮುಂಚೆ ಒಂದ್ಸಲ ಕೇಳ್ಸು" ಎಂದಳು. "ನನ್ನ ದನಿ ನಾನೇ ಕೇಳ್ಲಿಲ್ಲ."

ಲ್ಯಾಪ್‌ಟಾಪು ತೆರೆದು, ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟ. ಅಲೆಯ ಒಂದು ತುದಿ, ಮಾತು, ಮೌನ. ದುರ್ಗಮ್ಮನ ಮುಖ ಸಡಿಲವಾಯಿತು.

"ಇದು ನಿನ್ನ ಅಪ್ಪಂಗೆ ಹೇಳಿದ್ದು" ಎಂದಳು. ಅಪ್ಪ ವೆಂಕಟ್ರಮಣ ತೀರಿಹೋಗಿ ಮೂರು ವರ್ಷವಾಗಿತ್ತು, ಕಡಲಿನಲ್ಲಲ್ಲ, ಆಸ್ಪತ್ರೆಯಲ್ಲಿ. "ಹುಡುಗ್ರಿಗೆ ನಾನು ಹಿಂಗೆ ಹೇಳ್ತಿರ್ಲಿಲ್ಲ. ಮುಂದಿಂದು ಹಾಕು."

"ಮುಂದೆ ಇಲ್ಲ ಅಮ್ಮ. ಅಷ್ಟೇ."

"ಹೆಂಗೆ ಇಲ್ಲ? ನಾನು ಹೇಳಿದ ಕೂಡ್ಲೆ ಅವ್ರು ‘ಹೂಂ’ ಅಂತಿದ್ರು. ಒಂದಿನಾನೂ ಅನ್ನದೆ ಹೋದವ್ರಲ್ಲ. ಸರಿ ನೋಡು."

ಸುಹಾಸನಿಗೆ ಪರದೆಯ ಮೇಲೆ ಸದ್ದಿನ ಏರಿಳಿತ ತೋರಿಸುವ ಆ ಗೆರೆ ನೆನಪಾಯಿತು. ‘ಬಾ’ ಮುಗಿದ ಮೇಲೆ ಒಂದು ಸಣ್ಣ ಉಬ್ಬಿತ್ತು. ಯಾರೋ ಕೆಮ್ಮಿದ್ದೋ, ಎಂಜಿನ್ನು ಗೊರಗುಟ್ಟಿದ್ದೋ ಎಂದುಕೊಂಡು, ಮಾತು ಸ್ವಚ್ಛವಾಗಿರಲಿ ಎಂದು ಅದರ ಮುಂಚೆಯೇ ಕತ್ತರಿಸಿದ್ದ. ಮೂಲ ರೆಕಾರ್ಡಿಂಗಿದ್ದ ಮೆಮೊರಿ ಕಾರ್ಡನ್ನು ಮರುದಿನದ ಕೆಲಸಕ್ಕೆ ಖಾಲಿ ಮಾಡಿದ್ದ. ಅಪ್ಪನ ದನಿ ಬೇರೆಲ್ಲೂ ಇರಲಿಲ್ಲ. ಅವರು ಫೋನಿನಲ್ಲಿ ಮಾತಾಡುವವರಲ್ಲ.

"ಅದು ಗದ್ಲ ಅಂದ್ಕಂಡು ಕತ್ತರಿಸಿದೆ" ಎಂದ. ಅವಳ ಮುಖ ನೋಡಲಾಗದೆ ಪರದೆಯನ್ನೇ ನೋಡುತ್ತಿದ್ದ.

ದುರ್ಗಮ್ಮ ಹೆಡ್‌ಫೋನು ತೆಗೆಯಲಿಲ್ಲ.

"ಹಂಗಾರೆ ಅಳ್ಸೂದು ಬೇಡ" ಎಂದಳು ಕೊನೆಗೆ. "ನಾನು ಹೇಳೂವಾಗ ಅವ್ರು ಎದುರಿಗಿದ್ರು ಅಂತಾದ್ರೂ ಇರ್ಲಿ. ಯಾರಿಗೂ ಕೊಡ್ಬೇಡ. ಎಷ್ಟು ಹೊತ್ತಿಂದು ಉಳ್ದಿದೆ ಅದು?"

ಅವನು ಓದಿ ಹೇಳಿದ. ಒಂದು ಪಾಯಿಂಟ್ ನಾಲ್ಕು ಸೆಕೆಂಡು.