ತಲೆದೆಸೆಯ ಗೋಡೆ

ಆ ಮನೆಯ ಸೊಸೆ ಹೊಲಿಗೆ ಕೆಲಸದವಳು. ಅವಳ ಅತ್ತೆಗೆ ಕೆಮ್ಮು ಹತ್ತಿ ಏಳು ತಿಂಗಳಾಗಿತ್ತು. ಡಾಕ್ಟರು ಬದಲಾದರು, ಔಷಧಿ ಬದಲಾಯಿತು, ಕೆಮ್ಮು ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ವಿಚಿತ್ರವೆಂದರೆ, ನಾಲ್ಕು ದಿನ ಮಗಳ ಮನೆಗೆ ಹೋದರೆ ಮುದುಕಿ ಗುಂಡುಕಲ್ಲಿನ ಹಾಗೆ ಇರುತ್ತಿದ್ದರು. ವಾಪಸು ಬಂದು ಒಂದು ರಾತ್ರಿ ಮಲಗಿದರೆ ಸಾಕು, ಮತ್ತೆ ಖೊಕ್ ಖೊಕ್.

“ನಿಮ್ಮ ಮನೇನೇ ಅಮ್ಮನಿಗೆ ಆಗಿಬರಲ್ಲ ಬಿಡಿ ಅತ್ತಿಗೆ,” ಎಂದಿದ್ದಳು ನಾದಿನಿ, ನಗುನಗುತ್ತಲೇ.

ಆ ನಗು ಸೊಸೆಯ ಎದೆಗೆ ಸೂಜಿಯಂತೆ ಚುಚ್ಚಿತು. ತಾನು ಮಾಡುವ ಅಡುಗೆ, ಕಸ ಗುಡಿಸುವ ರೀತಿ, ಹೊಲಿಗೆ ಬಟ್ಟೆಯಿಂದ ಏಳುವ ಧೂಳು, ಎಲ್ಲದರ ಮೇಲೂ ತಾನೇ ಅನುಮಾನಪಟ್ಟಳು. ಮಷೀನನ್ನು ಹಜಾರದಿಂದ ಬಾಲ್ಕನಿಗೆ ಸಾಗಿಸಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊಲಿದಳು. ಏನೂ ಪ್ರಯೋಜನವಾಗಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಸದ್ದಿಲ್ಲದೆ ತಮ್ಮ ಬಟ್ಟೆಗಳನ್ನೆಲ್ಲ ಪೆಟ್ಟಿಗೆಗೆ ತುಂಬುತ್ತಿದ್ದುದನ್ನು ಅವಳು ಕಂಡಳು. ಯಾಕೆಂದು ಕೇಳುವ ಧೈರ್ಯ ಬರಲಿಲ್ಲ.

ಕೊನೆಗೆ, ಅತ್ತೆ ಹೊರಡುವ ಮೊದಲೇ, ಹೊಸ ಡಾಕ್ಟರೊಬ್ಬರು, “ಇವರನ್ನ ಪರೀಕ್ಷೆ ಮಾಡಿದ್ದು ಸಾಕು, ಮನೆಯನ್ನೊಮ್ಮೆ ಪರೀಕ್ಷೆ ಮಾಡಿಸಿ. ಕಣ್ಣಿಗೆ ಕಾಣದ ಕಡೆ ಬೂಷ್ಟು ಹಿಡಿದಿರಬಹುದು,” ಎಂದರು.

ಮನೆಗಳಲ್ಲಿ ಗಾಳಿ, ತೇವ ಪರೀಕ್ಷಿಸುವ ಹೆಂಗಸೊಬ್ಬಳನ್ನು ಗೊತ್ತುಮಾಡಿದರು. ಆ ಪರೀಕ್ಷೆಯವಳು ಬರುವ ದಿನ ಸೊಸೆ ಆರು ಗಂಟೆಗೇ ಎದ್ದು ಕಿಟಕಿಗಳನ್ನೆಲ್ಲ ತೆರೆದು, ಮೂಲೆ ಮೂಲೆ ಒರೆಸಿದಳು. ಮನೆ ನೋಡಲು ಬರುವವರೆದುರು ಮಾನ ಹೋಗಬಾರದಲ್ಲ! ಪರೀಕ್ಷೆಯವಳು ಹೆಚ್ಚು ಮಾತಿನವಳಲ್ಲ. ಮುಕ್ಕಾಲಿಯ ಮೇಲೆ ಚಿಕ್ಕ ಪಂಪು ಇಟ್ಟು ಅತ್ತೆಯ ಕೋಣೆಯ ಗಾಳಿಯನ್ನು ಒಂದು ಡಬ್ಬಿಗೆ ಎಳೆದುಕೊಂಡಳು, ಹೋಲಿಕೆಗೆಂದು ಹೊರಗಿನ ಗಾಳಿಯನ್ನು ಇನ್ನೊಂದಕ್ಕೆ. ಮೂರನೆಯ ದಿನ ವರದಿ ಬಂತು: ಒಳಗಿನ ಗಾಳಿಗೂ ಹೊರಗಿನ ಗಾಳಿಗೂ ವ್ಯತ್ಯಾಸವೇ ಇಲ್ಲ.

“ಅಬ್ಬ, ಮನೆಗೇನೂ ಆಗಿಲ್ಲ,” ಎಂದು ಗಂಡ ನಿರಾಳವಾದ. ಸೊಸೆಯ ಮುಖ ಮಾತ್ರ ಹುಳ್ಳಗಾಯಿತು. ಮನೆಯದಲ್ಲವೆಂದ ಮೇಲೆ ತಪ್ಪು ಇನ್ಯಾರದು?

ಅಂದು ಸಂಜೆಯೇ ಪರೀಕ್ಷೆಯವಳ ಫೋನು ಬಂತು.

“ಅವತ್ತು ಕಿಟಕಿ ಎಷ್ಟು ಹೊತ್ತಿಂದ ತೆಗೆದಿಟ್ಟಿದ್ರಿ?”

“ಬೆಳಿಗ್ಗೆ ಆರರಿಂದ... ನೀವು ಬರ್ತೀರಿ ಅಂತ.”

“ದಿನಾ ಅಮ್ಮ ಮಲಗೋವಾಗ?”

“ಬೀದಿ ಗಲಾಟೆಗೆ ಎಲ್ಲ ಮುಚ್ಚಿಕೊಂಡೇ ಮಲಗ್ತಾರೆ.”

“ತಪ್ಪು ನಂದು, ಮೊದಲೇ ಕೇಳಬೇಕಿತ್ತು. ಆ ಕೋಣೇಲಿ ಕೂತು ಹತ್ತು ನಿಮಿಷಕ್ಕೆ ಅವರು ಕೆಮ್ಮಿದ್ದು ನನ್ನ ಕಿವೀಲೇ ಇದೆ. ನಾಳೆ ನನಗೆ ರಜೆ, ಬರ್ತೀನಿ. ಕಿಟಕಿ ತೆಗೀಬೇಡಿ, ಏನೂ ಒರೆಸಬೇಡಿ. ದಿನಾ ಹೇಗಿರ್ತೀರೋ ಹಾಗೇ ಇರಿ.”

ಮರುದಿನ ಅವಳು ತೇವ ಅಳೆಯುವ ಉಪಕರಣವನ್ನು ಗೋಡೆಗೆ ಗೇಣುಗೇಣಿಗೂ ಒತ್ತುತ್ತಾ ಬಂದಳು. ಮಂಚದ ತಲೆದೆಸೆಯಲ್ಲಿ, ಮೊಣಕಾಲೆತ್ತರಕ್ಕೆ, ಅದು ಒಂದೇ ಸಮನೆ ಕಿರುಚತೊಡಗಿತು. ಹೂವಿನ ಕಾಗದ ಅಂಟಿಸಿದ ಹಲಗೆ ಗೋಡೆ ಅದು. ಅದರ ಬೆನ್ನಿಗೇ ಬಚ್ಚಲು. ಒಪ್ಪಿಗೆ ಕೇಳಿ, ಬೆರಳು ತೂರುವಷ್ಟು ತೂತು ಕೊರೆದು, ತೆಳ್ಳನೆಯ ಕ್ಯಾಮೆರಾ ಒಳಗೆ ಬಿಟ್ಟಳು. ಹಲಗೆಯ ಬೆನ್ನ ತುಂಬ ಮಖಮಲ್ಲಿನಂಥ ಕಪ್ಪು ಬೂಷ್ಟು. ಅದರಾಚೆ ಪೈಪಿನ ಕೀಲಿನಿಂದ ತೊಟ್ಟು ತೊಟ್ಟು ನೀರು ಜಿನುಗುತ್ತಿತ್ತು.

ಅತ್ತೆ ಕನ್ನಡಕ ಏರಿಸಿ ನೋಡಿದರು. “ಅಯ್ಯಯ್ಯೋ, ಇದರ ಪಕ್ಕಾನೇ ತಲೆ ಇಟ್ಟು ಮಲಗಿದ್ನಾ!”

“ಇದಕ್ಕೆ ಎಷ್ಟು ಗುಡಿಸಿದ್ರೂ ಎಷ್ಟು ಒರೆಸಿದ್ರೂ ಅಷ್ಟೇ,” ಎಂದಳು ಪರೀಕ್ಷೆಯವಳು, ಸೊಸೆಯ ಕಡೆ ತಿರುಗಿ. “ಮನೆಯವರ ತಪ್ಪು ಏನೇನೂ ಇಲ್ಲ.”

ಅಷ್ಟು ಸಾಕಾಯಿತು. ಸೊಸೆ ಮಂಚದ ತುದಿಗೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

“ಗೋಡೆ ಕೆಟ್ಟರೆ ನೀನ್ಯಾಕೆ ಅಳ್ತೀಯೇ?”

“ನೀವು ಪೆಟ್ಟಿಗೆ ಕಟ್ಟಿದ್ರಲ್ಲ ಅತ್ತೆ. ನನ್ನ ಮೇಲೆ ಬೇಜಾರಾಗಿ ಹೊರಟ್ರಿ ಅಂದ್ಕೊಂಡೆ.”

ಮುದುಕಿ ಕಕ್ಕಾಬಿಕ್ಕಿಯಾದರು. “ನಿನ್ನ ಮೇಲೆ ಬೇಜಾರಾ? ನನ್ನ ಕೆಮ್ಮಿಗೆ ಎದ್ದೆದ್ದು ಬಿಸಿನೀರು ಕೊಟ್ಟು ನಿನ್ನ ಕಣ್ಣು ಗುಳಿ ಬಿದ್ದಿದೆ. ನಾನು ಹೋದ್ರೆ ನೀನಾದ್ರೂ ನಿದ್ದೆ ಮಾಡ್ತೀಯ ಅಂತ ಹೊರಟಿದ್ದು ಕಣೆ. ಮಗಳ ಮನೇಲಿ ಇಡೀ ದಿನ ಟೀವಿ ಬಡ್ಕೊಳ್ತಿರುತ್ತೆ, ಅಲ್ಲಿಗೆ ಹೋಗೋಕೆ ನನಗೇನು ಆಸೇನಾ?”

ಸೊಸೆ ಅಳುತ್ತಲೇ ನಕ್ಕಳು. ಪರೀಕ್ಷೆಯವಳು ಅತ್ತ ತಿರುಗಿ, ಸುತ್ತಿಟ್ಟ ತಂತಿಯನ್ನೇ ಬಿಚ್ಚಿ ಮತ್ತೊಮ್ಮೆ ಸುತ್ತಿದಳು.

ಮನೆ ಮಾಲೀಕರು ಕೊಳಾಯಿಯವನನ್ನು ಕಳಿಸಿದರು. ಹಲಗೆ ಕಿತ್ತರು, ಕೀಲು ಬದಲಾಯಿಸಿದರು, ಎರಡು ವಾರ ಫ್ಯಾನು ಹಾಕಿ ಒಣಗಿಸಿದರು. ಅಷ್ಟೂ ದಿನ ಅತ್ತೆ ಹಜಾರದಲ್ಲಿ ಮಲಗಿದರು. ಐದನೆಯ ದಿನಕ್ಕೇ ಕೆಮ್ಮು ಇಳಿಮುಖವಾಯಿತು. ಸುದ್ದಿ ಕೇಳಿದ ನಾದಿನಿ ಫೋನಿನಲ್ಲಿ, “ಆಡಬಾರದ ಮಾತು ಆಡಿಬಿಟ್ಟೆ ಅತ್ತಿಗೆ, ಮನಸ್ಸಲ್ಲಿ ಇಟ್ಕೋಬೇಡಿ,” ಎಂದಳು.

ಗೋಡೆ ಹೊಸದಾದ ಮೇಲೆ ಪರೀಕ್ಷೆಯವಳು ಇನ್ನೊಮ್ಮೆ ಬಂದಳು. ಈ ಸಲ ಎಲ್ಲ ಮುಚ್ಚಿಟ್ಟ ಕೋಣೆಯ ಗಾಳಿಯೇ ಪಂಪಿಗೆ ಸಿಕ್ಕಿತು. ಅದು ಗುಂಯ್ ಎನ್ನುತ್ತಿರುವಾಗ ಸೊಸೆಯ ಕಣ್ಣು ಅವಳ ಚೀಲದ ಮೇಲೆ ಬಿತ್ತು. ಹೆಗಲಪಟ್ಟಿ ಹರಿದು ಪಿನ್ನಿನ ಮೇಲೆ ನಿಂತಿತ್ತು.

“ಕೊಡಿ ಇಲ್ಲಿ.”

“ಅಯ್ಯೋ, ಇರಲಿ ಬಿಡಿ.”

“ಕೊಡಿ ಅಂದೆ. ನಿಮ್ಮ ಕೆಲಸ ನೀವು ಮಾಡಿದ್ರಿ, ನನ್ನದು ನಾನು ಮಾಡಬೇಡ್ವಾ?”

ದಪ್ಪ ದಾರ ಹಾಕಿ, ಅಡ್ಡಡ್ಡ ಎರಡು ಸಾಲು ಬಿಗಿಯಾಗಿ ಹೊಲಿದಳು. ಬಾಯಿ ಬಿಟ್ಟು ಹೇಳಲಾಗದ್ದೆಲ್ಲ ಆ ಹೊಲಿಗೆಗೆ ಹೋಯಿತು. ಪರೀಕ್ಷೆಯವಳು ಪಟ್ಟಿಯನ್ನು ಎರಡು ಸಲ ಎಳೆದು ನೋಡಿ, ಚೀಲ ಹೆಗಲಿಗೇರಿಸಿದಳು.

“ಇನ್ನು ಚೀಲ ಹರಿದ್ರೂ ಪಟ್ಟಿ ಹರಿಯಲ್ಲ,” ಎಂದು ನಕ್ಕಳು.